ಬೈಟ್ 13ರಲ್ಲಿ ಏನಿದೆ? ಸ್ಟ್ಯಾಂಡರ್ಡಿಗೆ ಹೊಂದದ ಡಿಸ್ಕ್ ಡ್ರೈವರ್ ತಿದ್ದುವ ಬಗೆ

ಲಿನಕ್ಸ್ ಓಡುವ ಕಂಪ್ಯೂಟರಿಗೆ ಸಾಟಾ ಡಿಸ್ಕ್ ಸಿಕ್ಕಿಸಿದರೆ ಅದಕ್ಕೆ ಎಸ್‌ಡಿಎ, ಎಸ್‌ಡಿಬಿ ಎಂಬಂಥ ಹೆಸರು ಬೀಳುತ್ತದೆ. ಆ ‘ಎಸ್’ ಸ್ಕಸಿಯದು, ಅಂದರೆ ಡಿಸ್ಕುಗಳ ಜೊತೆ ಮಾತಾಡುವ ಒಂದು ಕಮಾಂಡ್ ಭಾಷೆಯದು. ಡಿಸ್ಕಿಗೆ ಮಾತ್ರ ಸ್ಕಸಿ ಬರುವುದಿಲ್ಲ, ಅದಕ್ಕೆ ಬರುವುದು ಎಟಿಎ ಎಂಬ ಇನ್ನೊಂದು ಭಾಷೆ ಮಾತ್ರ. ಲಿನಕ್ಸಿನ ತಿರುಳಾದ ಕರ್ನಲ್ಲಿನ ಮೇಲಿನ ಪದರ ಸ್ಕಸಿಯಲ್ಲಿ ಕೇಳುತ್ತದೆ, ಕೆಳಗಿರುವ ಡಿಸ್ಕ್ ಎಟಿಎಯಲ್ಲಿ ಉತ್ತರಿಸುತ್ತದೆ. ಇಬ್ಬರ ನಡುವೆ ಕೂತು ಎರಡೂ ಕಡೆಗೆ ಮಾತು ತಿರುಗಿಸಿ ಹೇಳುವ ದುಭಾಷಿಯೇ ಲಿಬ್‌ಎಟಿಎ ಎಂಬ ಡ್ರೈವರ್. ಹೇಗೆ ತಿರುಗಿಸಬೇಕು ಎಂಬುದನ್ನು ಅದು ತನ್ನ ಇಷ್ಟದಂತೆ ತೀರ್ಮಾನಿಸುವ ಹಾಗಿಲ್ಲ. ಅದಕ್ಕೆಂದೇ ಎಸ್‌ಎಟಿ ಎಂಬ ಸ್ಟ್ಯಾಂಡರ್ಡ್ ಇದೆ. ಇದನ್ನು ಬರೆಯುವುದು ಸ್ಕಸಿಯ ಹೊಣೆ ಹೊತ್ತ ಟಿ10 ಸಮಿತಿ. ಎಟಿಎ ಕಮಾಂಡುಗಳದ್ದು ಟಿ13 ಸಮಿತಿಯ ಎಸಿಎಸ್ ದಸ್ತಾವೇಜು, ಸ್ಕಸಿಯ ಸಾಮಾನ್ಯ ನಿಯಮಗಳು ಎಸ್‌ಪಿಸಿಯಲ್ಲಿ. ಡ್ರೈವರಿನ ಒಂದೇ ಒಂದು ಸಾಲು ಸರಿಯೋ ತಪ್ಪೋ ಎಂದು ನೋಡಲು ಈ ಮೂರನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಳ್ಳಬೇಕಾಗುವುದು ಮಾಮೂಲು.

ಸ್ಟ್ಯಾಂಡರ್ಡಿಗೆ ಹೊಂದದ ಕೋಡ್ ಎಂದರೆ ಕೆಲಸ ಮಾಡದ ಕೋಡ್ ಎಂದಲ್ಲ. ಎಷ್ಟೋ ಸಲ ಅದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳದೆ ಚೆನ್ನಾಗಿಯೇ ಓಡಿರುತ್ತದೆ. ಇಂಥ ದೋಷ ತಿದ್ದುವಾಗ ಮುಖ್ಯವಾಗಿ ಎರಡು ಪ್ರಶ್ನೆ ಕೇಳಿಕೊಳ್ಳಬೇಕು: ನಾವು ಹೊಂದಿಸಲು ಹೊರಟಿರುವುದು ಯಾವ ಆವೃತ್ತಿಯ ಸ್ಟ್ಯಾಂಡರ್ಡಿಗೆ? ಈ ಬೈಟುಗಳನ್ನು ಈಗಾಗಲೇ ಓದುತ್ತಿರುವವರು ಯಾರು? ಎರಡನೆಯದನ್ನು ಮರೆತರೆ ಏನಾಗುತ್ತದೆಂದು 2024ರಲ್ಲಿ ಲಿಬ್‌ಎಟಿಎಗೆ ಬಂದ ಒಂದು ಪ್ಯಾಚ್, ಅಂದರೆ ಕೋಡಿನ ತಿದ್ದುಪಡಿ, ತೋರಿಸಿಕೊಟ್ಟಿದೆ. ಪ್ಯಾಚ್ ಸ್ಟ್ಯಾಂಡರ್ಡಿನ ಪ್ರಕಾರ ಸರಿಯಾಗಿಯೇ ಇತ್ತು, ಆದರೂ ವಾಪಸ್ ಹೋಯಿತು. ಅದನ್ನೇ ಬಿಡಿಸಿ ನೋಡೋಣ. ಇಲ್ಲಿ ಬರುವ ಬೈಟ್ ಬೆಲೆಗಳು, ಕಮಾಂಡ್ ಸಂಖ್ಯೆಗಳು, ಕೋಡುಗಳೆಲ್ಲ ಹೆಕ್ಸ್‌ನಲ್ಲಿವೆ, ಅಂದರೆ ಹದಿನಾರರ ಎಣಿಕೆಯಲ್ಲಿ. ಬೈಟಿನ ಸ್ಥಾನ ಮಾತ್ರ ಸೊನ್ನೆಯಿಂದ ಎಣಿಸಿದ ಮಾಮೂಲಿ ಸಂಖ್ಯೆ.

ಮೊದಲು ಸೆನ್ಸ್ ಡೇಟಾ ಎಂದರೇನು ಎಂಬುದು ತಿಳಿಯಬೇಕು. ಸ್ಕಸಿ ಕಮಾಂಡ್ ಎಡವಿದಾಗ, ಅಥವಾ ಹೇಳಲೇಬೇಕಾದ ವಿಷಯವೊಂದಿದ್ದಾಗ, ಸಾಧನ ‘ಚೆಕ್ ಕಂಡಿಷನ್’ ಎಂಬ ಸ್ಥಿತಿಯ ಜೊತೆಗೆ ಒಂದು ಚಿಕ್ಕ ವರದಿ ಕೊಡುತ್ತದೆ. ಅದೇ ಸೆನ್ಸ್ ಡೇಟಾ. ಅದಕ್ಕೆ ಎರಡು ನಮೂನೆ ಇವೆ. ಹಳೆಯದು ಫಿಕ್ಸೆಡ್, ಇದರಲ್ಲಿ ಎಲ್ಲದಕ್ಕೂ ಗೊತ್ತಾದ ಜಾಗ. ಹೊಸದು ಡಿಸ್ಕ್ರಿಪ್ಟರ್, ಇದರಲ್ಲಿ 8 ಬೈಟಿನ ತಲೆಬರಹ, ಅದರ ಹಿಂದೆ ಬೇಕಾದಷ್ಟು ತುಂಡುಗಳ ಸಾಲು. ಯಾವ ನಮೂನೆ ಎಂಬುದನ್ನು ಬೈಟ್ 0 ಹೇಳುತ್ತದೆ: ಮೇಲಿನ ಬಿಟ್ ಬಿಟ್ಟು ನೋಡಿದಾಗ 70 ಅಥವಾ 71 ಇದ್ದರೆ ಫಿಕ್ಸೆಡ್, 72 ಅಥವಾ 73 ಇದ್ದರೆ ಡಿಸ್ಕ್ರಿಪ್ಟರ್. ಸಾಧನ ಯಾವುದನ್ನು ಕೊಡಬೇಕು ಎಂಬುದಕ್ಕೆ ಕಂಟ್ರೋಲ್ ಮೋಡ್ ಪೇಜ್ ಎಂಬ ಸಾಧನದ ಸೆಟ್ಟಿಂಗ್ ಪುಟದ ಬೈಟ್ 2ರಲ್ಲಿ, ಬಿಟ್ 2ರ ಜಾಗದಲ್ಲಿ, ಡಿ-ಸೆನ್ಸ್ ಎಂಬ ಸ್ವಿಚ್ ಇದೆ. 0 ಎಂದರೆ ಫಿಕ್ಸೆಡ್, 1 ಎಂದರೆ ಡಿಸ್ಕ್ರಿಪ್ಟರ್. ಲಿಬ್‌ಎಟಿಎಯಲ್ಲಿ ಮೊದಲಿನಿಂದಲೂ ಅದರ ಡೀಫಾಲ್ಟ್ 0.

ಈಗ ಒಂದು ನಿಜವಾದ ಕಮಾಂಡ್. ಡಿಸ್ಕ್ ಮಲಗಿದೆಯೋ ಎದ್ದಿದೆಯೋ ಎಂದು ಅದನ್ನು ಎಬ್ಬಿಸದೆ ಕೇಳಬೇಕು. ಎಟಿಎಯಲ್ಲಿ ಅದಕ್ಕೆ ಇ5 ಎಂಬ ಚೆಕ್ ಪವರ್ ಮೋಡ್ ಕಮಾಂಡ್ ಇದೆ. ಅದನ್ನು ಸ್ಕಸಿಯ ಲಕೋಟೆಯೊಳಗೆ ಹಾಕಿ ಕಳಿಸಲು ಎಟಿಎ ಪಾಸ್-ಥ್ರೂ 16 ಬಳಸುತ್ತಾರೆ. ಬೈಟ್ 0ರಲ್ಲಿ 85. ಬೈಟ್ 1ರಲ್ಲಿ 06, ಅಂದರೆ ಡೇಟಾ ಸಾಗಿಸದ ಪ್ರೋಟೊಕಾಲ್ ಸಂಖ್ಯೆ 3, ಒಂದು ಬಿಟ್ ಎಡಕ್ಕೆ ಸರಿದದ್ದು. ಬೈಟ್ 2ರಲ್ಲಿ 20, ಇದು ಸಿಕೆ-ಕಂಡ್ ಎಂಬ ಬಿಟ್. ಬೈಟ್ 13ರಲ್ಲಿ 40, ಬೈಟ್ 14ರಲ್ಲಿ ಇ5, ಉಳಿದದ್ದೆಲ್ಲ ಸೊನ್ನೆ. ಆ ಸಿಕೆ-ಕಂಡ್ ಬಿಟ್ಟೇ ಇಲ್ಲಿ ಮುಖ್ಯ: ‘ಕಮಾಂಡ್ ಗೆದ್ದರೂ ಸರಿ, ಡಿಸ್ಕಿನ ರಿಜಿಸ್ಟರುಗಳನ್ನು ಸೆನ್ಸ್ ಡೇಟಾದಲ್ಲಿ ತುಂಬಿ ವಾಪಸ್ ಕೊಡು’ ಎಂದು ಅದರ ಅರ್ಥ. ರಿಜಿಸ್ಟರ್ ಎಂದರೆ ಡಿಸ್ಕ್ ತನ್ನ ಉತ್ತರ ಇಡುವ ಪುಟ್ಟ ಖಾನೆ. ಹಾಗಾಗಿ ಎಲ್ಲ ಸುಸೂತ್ರವಾಗಿ ಆದಾಗಲೂ ಚೆಕ್ ಕಂಡಿಷನ್ ಬರುತ್ತದೆ, ವರದಿಯ ಬಗೆ ಹೇಳುವ ಸೆನ್ಸ್ ಕೀ 1, ಜೊತೆಗೆ 00 ಮತ್ತು 1ಡಿ ಎಂಬ ಜೋಡಿ ಕೋಡ್. ‘ಎಟಿಎ ಪಾಸ್-ಥ್ರೂ ಮಾಹಿತಿ ಲಭ್ಯವಿದೆ’ ಎಂಬುದಷ್ಟೇ ಅದರ ಅರ್ಥ. ಎರರ್ ಎಂದು ಗಾಬರಿಯಾಗುವವರು ಬಹಳ.

ಉತ್ತರ ಇರುವುದು ಡಿಸ್ಕಿನ ಕೌಂಟ್ ರಿಜಿಸ್ಟರಿನಲ್ಲಿ. ಎಫ್‌ಎಫ್ ಎಂದರೆ ಎದ್ದಿದೆ, 00 ಎಂದರೆ ಸ್ಟ್ಯಾಂಡ್‌ಬೈ. ಎದ್ದಿರುವ ಡಿಸ್ಕಿಗೆ ಡಿಸ್ಕ್ರಿಪ್ಟರ್ ನಮೂನೆಯಲ್ಲಿ ಬರುವ 22 ಬೈಟುಗಳನ್ನು ನೋಡಿ:

72 01 00 1ಡಿ 00 00 00 0ಇ
09 0ಸಿ 00 00 00 ಎಫ್‌ಎಫ್ 00 00 00 00 00 00 40 50

ಮೊದಲ ಸಾಲು ತಲೆಬರಹ. ಅದರ ಕೊನೆಯ 0ಇ ಎಂದರೆ ಮುಂದೆ ಇನ್ನೂ 14 ಬೈಟ್ ಇದೆ ಎಂದು. ಎರಡನೇ ಸಾಲು 09 ಬಗೆಯ ತುಂಡು, ಎಟಿಎ ಸ್ಟೇಟಸ್ ರಿಟರ್ನ್. ಕೌಂಟ್ ಕೂತಿರುವುದು ಬೈಟ್ 13ರಲ್ಲಿ, ಸ್ಟೇಟಸ್ 50 ಕೂತಿರುವುದು ಬೈಟ್ 21ರಲ್ಲಿ. ಇದೇ ಉತ್ತರ ಫಿಕ್ಸೆಡ್ ನಮೂನೆಯಲ್ಲಿ 18 ಬೈಟಿಗೆ ಇಳಿಯುತ್ತದೆ:

ಎಫ್0 00 01 00 50 40 ಎಫ್‌ಎಫ್ 0ಎ
00 00 00 00 00 1ಡಿ 00 00 00 00

ಮೊದಲ ಬೈಟ್ 70ರ ಬದಲು ಎಫ್0 ಆಗಿರುವುದು ಮೇಲಿನ ವ್ಯಾಲಿಡ್ ಬಿಟ್ ಸೇರಿದ್ದರಿಂದ. ‘ಬೈಟ್ 3ರಿಂದ 6ರವರೆಗಿನ ಮಾಹಿತಿ ನಂಬಬಹುದು’ ಎಂಬ ಗುರುತು ಅದು. ಆ ನಾಲ್ಕು ಬೈಟಿನಲ್ಲಿ ಕ್ರಮವಾಗಿ ಎರರ್, ಸ್ಟೇಟಸ್, ಡಿವೈಸ್, ಕೌಂಟ್. ಕೌಂಟ್ ಈಗ ಬೈಟ್ 6ರಲ್ಲಿ. ಹಾಗಾದರೆ ಬೈಟ್ 13ರಲ್ಲಿ? 1ಡಿ, ಅಂದರೆ ಜೋಡಿ ಕೋಡಿನ ಎರಡನೇ ಭಾಗ. ನಮೂನೆ ಯಾವುದೆಂದು ಬೈಟ್ 0ರಲ್ಲಿ ನೋಡದೆ ಬೈಟ್ 13ಕ್ಕೆ ಕೈ ಹಾಕುವ ಪ್ರೋಗ್ರಾಮಿಗೆ ಎದ್ದಿರುವ ಡಿಸ್ಕ್ ‘1ಡಿ ಸ್ಥಿತಿಯಲ್ಲಿದೆ’ ಎಂದು ಕಾಣುತ್ತದೆ. ಸ್ಟೇಟಸ್‌ಗೆಂದು ಬೈಟ್ 21 ಓದಿದರೆ ವರದಿಯ ಗಡಿ ದಾಟಿ ಖಾಲಿ ಬಫರ್ ಓದಿದಂತಾಯಿತು. ಮುಂದಿನ ಇಡೀ ಪ್ರಸಂಗ ಈ ಎರಡು ಸಾಲು ಬೈಟುಗಳ ಸುತ್ತಲೇ ನಡೆದದ್ದು.

ಲಿಬ್‌ಎಟಿಎಯಲ್ಲಿ ಈ ವರದಿ ತಯಾರಿಸುವ ಜಾಗದಲ್ಲಿ ಮೂರು ದೋಷಗಳಿದ್ದವು. ಮೂರೂ ಬೇರೆ ಬೇರೆ ಜಾತಿಯವು.

ಒಂದನೆಯದು ಶುದ್ಧ ಲೆಕ್ಕದ ತಪ್ಪು. ಡಿಸ್ಕ್ರಿಪ್ಟರ್ ನಮೂನೆಯಲ್ಲಿ ತುಂಡು ಶುರುವಾಗುವುದು ಬೈಟ್ 8ರಿಂದ ಎಂದು ಕೋಡ್ ಒಂದು ಪಾಯಿಂಟರನ್ನು (ಬರೆಯುವ ಜಾಗ ತೋರುವ ಗುರುತನ್ನು) ಅಲ್ಲಿ ನಿಲ್ಲಿಸಿತ್ತು. ಫಿಕ್ಸೆಡ್ ನಮೂನೆಯ ಕವಲಿನಲ್ಲೂ ಅದೇ ಪಾಯಿಂಟರ್ ಬಳಕೆಯಾಯಿತು. ಹೀಗಾಗಿ ಬೈಟ್ 3ರಿಂದ ಬರಬೇಕಿದ್ದ ಎರರ್, ಸ್ಟೇಟಸ್, ಡಿವೈಸ್, ಕೌಂಟ್ ಬೈಟ್ 8ರಿಂದ ಹೋಗಿ ಕೂತವು. ಬೈಟ್ 9, 10, 11ರಲ್ಲಿ ಇರಬೇಕಿದ್ದ ಎಲ್‌ಬಿಎಯ, ಅಂದರೆ ಡಿಸ್ಕಿನ ಬ್ಲಾಕ್ ವಿಳಾಸದ, ಮೂರು ಭಾಗಗಳು 17, 18, 19ಕ್ಕೆ ಜಾರಿದವು. ವರದಿಯ ಉದ್ದವೇ 18 ಬೈಟ್, ಅಂದರೆ ಕೊನೆಯ ಎರಡು ಗಡಿಯಾಚೆ. ಇದೇನು ದೊಡ್ಡ ವಿಷಯ ಎನ್ನುವಂತಿಲ್ಲ. ಡಿಸ್ಕ್ ಕೆಡುವ ಹಾದಿಯಲ್ಲಿದೆಯೇ ಎಂದು ಹೇಳುವ ಸ್ಮಾರ್ಟ್ ರಿಟರ್ನ್ ಸ್ಟೇಟಸ್ ಕಮಾಂಡ್ ಉತ್ತರ ಇಡುವುದು ಎಲ್‌ಬಿಎಯ ಮಧ್ಯದ ಮತ್ತು ಮೇಲಿನ ಬೈಟುಗಳಲ್ಲಿಯೇ: 4ಎಫ್ ಮತ್ತು ಸಿ2 ಇದ್ದರೆ ಆರೋಗ್ಯವಾಗಿದೆ, ಎಫ್4 ಮತ್ತು 2ಸಿ ಇದ್ದರೆ ಮಿತಿ ದಾಟಿದೆ. ಇಂಥ ತಪ್ಪು ಉಳಿದುಕೊಂಡದ್ದು ಹೇಗೆ ಎಂದರೆ, ಕೋಡ್ ಆ ಕವಲಿಗೆ ಬರುತ್ತಿದ್ದದ್ದು ಕಮಾಂಡ್ ಸೋತಾಗ ಮಾತ್ರ. ಸೋತ ಕಮಾಂಡಿನ ರಿಜಿಸ್ಟರನ್ನು ಯಾರು ಓದುತ್ತಾರೆ?

ಎರಡನೆಯದು ಕೆಲಸ ಬೆರೆತದ್ದರಿಂದ ಆದದ್ದು. ಒಂದೇ ಫಂಕ್ಷನ್ ಎರಡು ಕೆಲಸ ಮಾಡುತ್ತಿತ್ತು: ಎಟಿಎ ಸ್ಟೇಟಸ್ ನೋಡಿ ಸೆನ್ಸ್ ಕೀ ಊಹಿಸಿ ಬರೆಯುವುದು, ರಿಜಿಸ್ಟರುಗಳನ್ನು ತುಂಬುವುದು. ಈಗಿನ ಕೆಲವು ಡಿಸ್ಕುಗಳು ತಾವೇ ನಿಖರವಾದ ಸೆನ್ಸ್ ಕೊಡುತ್ತವೆ. ಸಿಕೆ-ಕಂಡ್ ಇದ್ದರೆ ಡ್ರೈವರ್ ಆ ಒಳ್ಳೆಯ ವರದಿಯ ಮೇಲೆ ತನ್ನ ಊಹೆಯನ್ನು ಬರೆದು ಅಳಿಸಿಬಿಡುತ್ತಿತ್ತು. ಪರಿಹಾರ ಸರಳ. ಎರಡು ಕೆಲಸ ಎರಡು ಫಂಕ್ಷನ್ ಆಯಿತು, ಡಿಸ್ಕಿನದೇ ಸೆನ್ಸ್ ಇಲ್ಲದಾಗ ಮಾತ್ರ ಊಹೆ.

ಮೂರನೆಯದೇ ಕಗ್ಗಂಟು. ಸೋತ ಕಮಾಂಡಿಗೆ ಡ್ರೈವರ್ ಡಿ-ಸೆನ್ಸ್ ಸ್ವಿಚ್ ನೋಡಿ ನಮೂನೆ ಆರಿಸುತ್ತಿತ್ತು. ಗೆದ್ದ ಕಮಾಂಡಿಗೆ ಸ್ವಿಚ್ ಏನೇ ಇರಲಿ, ಡಿಸ್ಕ್ರಿಪ್ಟರನ್ನೇ ಕೊಡುತ್ತಿತ್ತು. ‘ಯಾವಾಗಲೂ ಡಿಸ್ಕ್ರಿಪ್ಟರ್ ನಮೂನೆ’ ಎಂಬ ಟಿಪ್ಪಣಿಯೇ ಕೋಡಿನಲ್ಲಿತ್ತು, ಅಂದರೆ ಬರೆದವರು ಗೊತ್ತಿದ್ದೇ ಬರೆದಿದ್ದರು. ಇಂದಿನ ಎಸ್‌ಎಟಿಯ ಬಲವಾದ ಸಲಹೆಗೆ ಇದು ಹೊಂದುವುದಿಲ್ಲ, ಸ್ವಿಚ್ 0 ಇದ್ದರೆ ಫಿಕ್ಸೆಡ್ ಕೊಡುವುದು ಸರಿ ಎಂದು ಅದು ಹೇಳುತ್ತದೆ. ಆದರೆ 2007ರಲ್ಲಿ ಪ್ರಕಟವಾದ ಮೊದಲ ಎಸ್‌ಎಟಿಯ ನಿಯಮವೇ ಬೇರೆ. ಅದನ್ನು ಪಾಲಿಸುವ ಅನುವಾದಕಗಳು ಪಾಸ್-ಥ್ರೂಗೆ ಡಿ-ಸೆನ್ಸ್ ಲೆಕ್ಕಿಸದೆ ಡಿಸ್ಕ್ರಿಪ್ಟರ್ ಕೊಡುತ್ತವೆ ಎಂಬ ಮಾತು ಎಸ್‌ಎಟಿ-5ರ ಏಳನೇ ಕರಡಿನಲ್ಲೂ ಇತ್ತು, ಎಂಟನೆಯದರಲ್ಲಿ ಅದನ್ನು ತೆಗೆದರು. ಅಂದರೆ ಲಿಬ್‌ಎಟಿಎ ಹಳೆಯ ಸ್ಟ್ಯಾಂಡರ್ಡಿಗೆ ಅರ್ಧ, ಹೊಸದಕ್ಕೆ ಅರ್ಧ ಹೊಂದಿಕೊಂಡಿತ್ತು. ಸ್ಟ್ಯಾಂಡರ್ಡ್ ಎಂದರೆ ಕಲ್ಲಿನಲ್ಲಿ ಕೆತ್ತಿದ ಶಾಸನ ಎಂದುಕೊಂಡವರು ಎಡವುವುದು ಇಲ್ಲಿಯೇ. ಅದಕ್ಕೂ ವಯಸ್ಸಿದೆ, ಅದೂ ಮಾತು ಬದಲಿಸುತ್ತದೆ.

2024ರಲ್ಲಿ 6.11 ಕರ್ನಲ್ಲಿಗೆಂದು ಈ ಮೂರನ್ನೂ ತಿದ್ದುವ ಪ್ಯಾಚುಗಳು ಸೇರಿದವು, ಈಗಾಗಲೇ ಬಳಕೆಯಲ್ಲಿರುವ ಸ್ಟೇಬಲ್ ಕರ್ನಲ್‌ಗಳಿಗೂ ಇಳಿದವು. ಸ್ವಲ್ಪದರಲ್ಲೇ ದೂರು ಬಂತು: ಡಿಸ್ಕಿನ ಸೆಟ್ಟಿಂಗ್ ನೋಡುವ ಎಚ್‌ಡಿಪಾರ್ಮ್ ಪ್ರೋಗ್ರಾಂ ಓಡಿಸಿದರೆ ಸೆನ್ಸ್ ಡೇಟಾ ಕೆಟ್ಟಿದೆ, ಇಲ್ಲವೇ ಕಾಣೆಯಾಗಿದೆ ಎಂಬ ಸಂದೇಶ. ಆ ಪ್ರೋಗ್ರಾಂ ಬೈಟ್ 0ರಲ್ಲಿ 72 ಇದೆಯೇ, ಬೈಟ್ 8ರಲ್ಲಿ 09 ಇದೆಯೇ ಎಂದು ಪರೀಕ್ಷಿಸುತ್ತಿತ್ತು. ಇಲ್ಲದಿದ್ದರೆ ಮುಂದೇನು ಎಂಬ ದಾರಿ ಮಾತ್ರ ಅದಕ್ಕೆ ಗೊತ್ತಿರಲಿಲ್ಲ. ಬೈಟ್ 0 ನೋಡುವ ಗೋಜಿಗೇ ಹೋಗದ ಪ್ರೋಗ್ರಾಮುಗಳೂ ಇದ್ದವು. ಕರ್ನಲ್ಲಿನ ಒಳಗಿನ ಕೋಡಿಗೆ ಏನೂ ಆಗಲಿಲ್ಲ, ಏಕೆಂದರೆ ಸ್ಕಸಿ ಪದರ ಎರಡೂ ನಮೂನೆಯನ್ನು ಮೊದಲು ಒಂದೇ ಅಚ್ಚಿಗೆ ತಂದುಕೊಂಡೇ ಓದುತ್ತದೆ.

ಉಳಿದದ್ದು ಮೂರು ದಾರಿ. ‘ಪ್ರೋಗ್ರಾಮುಗಳು ತಿದ್ದಿಕೊಳ್ಳಲಿ’ ಎನ್ನುವುದು ಒಂದು. ಹೊಸ ಕರ್ನಲ್ ಬಂದು ಹಳೆಯ ಪ್ರೋಗ್ರಾಂ ಕೆಡಬಾರದು ಎಂಬುದು ಲಿನಕ್ಸ್ ಹುಟ್ಟುಹಾಕಿದ ಲೀನಸ್ ಟೊರ್ವಾಲ್ಡ್ಸ್ ಪಾಲಿಸಿಕೊಂಡು ಬಂದ ನೇಮ, ಹಾಗಾಗಿ ಈ ದಾರಿ ಮುಚ್ಚಿತ್ತು. ಎರಡನೆಯದು ಡಿ-ಸೆನ್ಸ್ ಡೀಫಾಲ್ಟನ್ನೇ 1 ಮಾಡುವುದು. ಸ್ಟ್ಯಾಂಡರ್ಡೂ ಉಳಿಯಿತು, ಪ್ರೋಗ್ರಾಮೂ ಉಳಿಯಿತು ಎಂದು ಮೊದಲ ನೋಟಕ್ಕೆ ಅನ್ನಿಸುತ್ತದೆ. ಆದರೆ ಆಗ ಸೋತ ಕಮಾಂಡುಗಳ ನಮೂನೆ ಬದಲಾಗುತ್ತದೆ. ಇಷ್ಟು ದಿನ ಅಲ್ಲಿ ಫಿಕ್ಸೆಡ್ ನೋಡಿಕೊಂಡು ಬಂದವರ ಗತಿಯೇನು? ಒಂದು ಕಡೆಯ ತೂತು ಮುಚ್ಚಲು ಇನ್ನೊಂದು ಕಡೆ ತೂತು ಕೊರೆದಂತೆ. ಮೂರನೆಯದು ಆ ಒಂದು ಪ್ಯಾಚನ್ನು ಹಿಂತೆಗೆಯುವುದು. 2024ರ ಆಗಸ್ಟಿನಲ್ಲಿ, 6.11 ಬಿಡುಗಡೆಗೆ ಮೊದಲೇ, ಅದನ್ನೇ ಮಾಡಿದರು. ಗಮನಿಸಬೇಕಾದದ್ದು: ವಾಪಸ್ ಹೋದದ್ದು ಮೂರನೆಯದು ಮಾತ್ರ. ಬೈಟ್ ಸ್ಥಾನದ ತಿದ್ದುಪಡಿ, ಸೆನ್ಸ್ ಅಳಿಸುವ ದೋಷದ ತಿದ್ದುಪಡಿ ಹಾಗೇ ಉಳಿದವು. ಮೂರನ್ನೂ ಒಂದೇ ಪ್ಯಾಚಿನಲ್ಲಿ ಗಂಟು ಕಟ್ಟಿದ್ದರೆ ಮೂರೂ ಹೋಗುತ್ತಿದ್ದವು. ಒಂದು ದೋಷಕ್ಕೆ ಒಂದು ಪ್ಯಾಚ್ ಎಂಬ ಶಿಸ್ತು ಬರೀ ಅಚ್ಚುಕಟ್ಟಿಗಾಗಿ ಇರುವುದಲ್ಲ.

ಹಾಗಾದರೆ ಇಂಥ ಕೋಡಿಗೆ ಕೈ ಹಾಕುವವರು ಹೇಗೆ ಹೊರಡಬೇಕು?

ಮೊದಲು ಕಚ್ಚಾ ಬೈಟ್ ಹಿಡಿಯಿರಿ. ಎಸ್‌ಜಿ3-ಯುಟಿಲ್ಸ್ ಪ್ಯಾಕೇಜಿನ ಎಸ್‌ಜಿ-ರಾ ಉಪಕರಣಕ್ಕೆ ಮೇಲಿನ 16 ಬೈಟ್ ಕೊಟ್ಟರೆ ಸೆನ್ಸ್ ಡೇಟಾ ಹಾಗೇ ತೋರಿಸುತ್ತದೆ. ಬೈಟ್ ಅರ್ಥ ಬಿಡಿಸಲು ಅದರಲ್ಲೇ ಎಸ್‌ಜಿ-ಡಿಕೋಡ್-ಸೆನ್ಸ್ ಇದೆ. ಡಿ-ಸೆನ್ಸ್ ಸ್ವಿಚ್ ಆಚೀಚೆ ಮಾಡಲು ಎಸ್‌ಡಿಪಾರ್ಮ್ ಸಾಕು, ಲಿಬ್‌ಎಟಿಎ ಆ ಬದಲಾವಣೆಯನ್ನು ಒಪ್ಪುತ್ತದೆ. ಯುಎಸ್‌ಬಿ ಡಬ್ಬಿಯೊಳಗಿನ ಡಿಸ್ಕಿನ ಮೇಲೆ ಈ ಪರೀಕ್ಷೆ ಮಾಡಬೇಡಿ. ಅಲ್ಲಿ ಅನುವಾದ ಮಾಡುವುದು ಡಬ್ಬಿಯ ಚಿಪ್, ಲಿಬ್‌ಎಟಿಎ ಅಲ್ಲ. ತಪ್ಪು ಡ್ರೈವರಿನದೋ ಸಾಧನದ್ದೋ ಎಂಬುದು ಮೊದಲೇ ಇತ್ಯರ್ಥವಾಗಬೇಕು. ಸಾಧನವೇ ಸ್ಟ್ಯಾಂಡರ್ಡ್ ಮುರಿದಿದ್ದರೆ ಆ ಮಾದರಿಗಷ್ಟೇ ಕ್ವಿರ್ಕ್, ಅಂದರೆ ವಿಶೇಷ ವಿನಾಯಿತಿ, ಸೇರಿಸುವುದು ರೂಢಿ. ಎನ್‌ವಿಎಂಇ ಡ್ರೈವರಿನಲ್ಲಿ, ಒಂದೇ ಗುರುತಿನ ಸಂಖ್ಯೆಯನ್ನು ಹಲವು ಬಿಡಿ ಡ್ರೈವುಗಳಿಗೆ ಕೊಟ್ಟು ಮಾರಾಟವಾದ ಎಸ್‌ಎಸ್‌ಡಿಗಳಿಗೆಂದೇ ಹೀಗೆ ಉದ್ದನೆಯ ಪಟ್ಟಿ ಬೆಳೆದಿದೆ.

ಆಮೇಲೆ ಸ್ಟ್ಯಾಂಡರ್ಡ್ ಓದುವುದು. ಇಲ್ಲಿ ‘ಶಲ್’ ಎಂದರೆ ಕಡ್ಡಾಯ, ‘ಶುಡ್’ ಎಂದರೆ ಬಲವಾದ ಸಲಹೆ, ‘ಮೇ’ ಎಂದರೆ ಇಷ್ಟಕ್ಕೆ ಬಿಟ್ಟದ್ದು. ‘ಶುಡ್’ ಇದ್ದಲ್ಲಿ ದೋಷ ಎಂದು ಪ್ಯಾಚ್ ಕಳಿಸಿದರೆ ವಾದದಲ್ಲೇ ವಾರ ಕಳೆಯುತ್ತದೆ. ಮೇಲಿನ ಪಾಯಿಂಟರ್ ತಪ್ಪು ಬಂದದ್ದು ಎರಡು ದಸ್ತಾವೇಜಿನ ಸಂದಿಯಲ್ಲಿ ಎಂಬುದನ್ನೂ ನೋಡಿ. ಎಸ್‌ಎಟಿಯ ಕೋಷ್ಟಕ ‘ಮಾಹಿತಿ ಕ್ಷೇತ್ರದ ಬೈಟ್ 0ರಲ್ಲಿ ಎರರ್’ ಎಂದು ಹೇಳಿ ಸುಮ್ಮನಾಗುತ್ತದೆ. ಆ ಕ್ಷೇತ್ರ ವರದಿಯ ಬೈಟ್ 3ರಿಂದ ಶುರು ಎಂಬುದು ಎಸ್‌ಪಿಸಿಯಲ್ಲಿದೆ. ಎರಡನ್ನೂ ಕೂಡಿಸಿ ಕೊನೆಯ ಸ್ಥಾನ ಎಷ್ಟು ಎಂಬ ಪಟ್ಟಿಯನ್ನು ಕಾಗದದ ಮೇಲೆ ಬರೆದುಕೊಂಡೇ ಕೋಡ್ ಮುಟ್ಟಬೇಕು. ಅದೇ ಪಟ್ಟಿಯನ್ನು, ಆವೃತ್ತಿ ಸಂಖ್ಯೆ ಸಮೇತ, ಪ್ಯಾಚಿನ ವಿವರಣೆಯಲ್ಲೂ ಹಾಕಿದರೆ ಪರಿಶೀಲಿಸುವವರ ಅರ್ಧ ಕೆಲಸ ಮುಗಿಯಿತು.

ಇದೇ ಬಗೆಯ ಸಂದಿಗಳು ಬೇರೆಡೆಯೂ ಇವೆ. ಸ್ಕಸಿಯಲ್ಲಿ ದೊಡ್ಡ ಬೈಟ್ ಮೊದಲು, ಎಟಿಎಯಲ್ಲಿ ಚಿಕ್ಕದು ಮೊದಲು. ಡಿಸ್ಕಿನ ಮಾದರಿ ಹೆಸರು ಎಟಿಎ ಗುರುತಿನ ಪುಟದಲ್ಲಿ ಎರಡೆರಡು ಅಕ್ಷರ ಅದಲುಬದಲಾಗಿ ಇರುತ್ತದೆ. ರೀಡ್ ಕೆಪಾಸಿಟಿ ಕೊಡುವುದು ಬ್ಲಾಕುಗಳ ಸಂಖ್ಯೆಯಲ್ಲ, ಕೊನೆಯ ಬ್ಲಾಕಿನ ವಿಳಾಸ, ಅಂದರೆ ಒಂದು ಕಡಿಮೆ. ಕೇಳಿದವರು ಚಿಕ್ಕ ಬಫರ್ ಕೊಟ್ಟರೆ ಡೇಟಾ ಕತ್ತರಿಸಬಹುದು, ಆದರೆ ಒಳಗಿನ ಉದ್ದದ ಕ್ಷೇತ್ರವನ್ನು ಕತ್ತರಿಸಿದ ಅಳತೆಗೆ ಇಳಿಸಬಾರದು. ಇಳಿಸಿದರೆ ಇನ್ನೆಷ್ಟು ಕೇಳಬೇಕೆಂದು ಅವರಿಗೆ ತಿಳಿಯುವುದೇ ಇಲ್ಲ.

ಪರೀಕ್ಷೆಯಲ್ಲಿ ಕಮಾಂಡ್ ಗೆಲ್ಲುವುದನ್ನಷ್ಟೇ ನೋಡಿದರೆ ಸಾಲದು. ಗೆಲುವು-ಸೋಲು, ಡಿ-ಸೆನ್ಸ್ 0-1, 28 ಬಿಟ್-48 ಬಿಟ್ ಕಮಾಂಡ್, ಡಿಸ್ಕಿನದೇ ಸೆನ್ಸ್ ಇರುವುದು-ಇಲ್ಲದಿರುವುದು: ಒಟ್ಟು 16 ಕೂಡಿಕೆ. ಎಲ್ಲವೂ ಎಲ್ಲ ಡಿಸ್ಕಿನಲ್ಲಿ ಸಿಗವು, ಸಿಕ್ಕಷ್ಟನ್ನು ಓಡಿಸಿ ಬೈಟ್ ದಾಖಲಿಸಿ. ಸೋಲಿಸಲು ಬಾಯಿಗೆ ಬಂದ ಕಮಾಂಡ್ ಸಂಖ್ಯೆ ಕಳಿಸಬೇಡಿ, ಎಟಿಎಯಲ್ಲಿ ಎಫ್4 ಎಂಬುದು ಇಡೀ ಡಿಸ್ಕ್ ಅಳಿಸುವ ಸೆಕ್ಯೂರಿಟಿ ಇರೇಸ್. ಬಿ0 ಎಂಬ ಸ್ಮಾರ್ಟ್ ಕಮಾಂಡನ್ನು 4ಎಫ್-ಸಿ2 ಸಹಿ ಇಲ್ಲದೆ ಕಳಿಸಿದರೆ ಡಿಸ್ಕ್ ಅದನ್ನು ತಿರಸ್ಕರಿಸುತ್ತದೆ: ಸ್ಟೇಟಸ್ 51, ಎರರ್ 04. ಫಿಕ್ಸೆಡ್ ನಮೂನೆಯಲ್ಲಿ ಆ 04 ಬೈಟ್ 3ರಲ್ಲಿ, 51 ಬೈಟ್ 4ರಲ್ಲಿ ಬಂದಿದ್ದರೆ ಸ್ಥಾನ ಸರಿ. ಬೈಟ್ 8 ಮತ್ತು 9ರಲ್ಲಿ ಕಂಡರೆ ನಿಮ್ಮ ಕೈಯಲ್ಲಿರುವುದು ತಿದ್ದುವ ಮುಂಚಿನ ಕರ್ನಲ್. ಇವೆಲ್ಲಕ್ಕೂ ಕಂಪ್ಯೂಟರನ್ನು ಅನುಕರಿಸುವ ಕ್ಯೂಎಂಯು ಪ್ರೋಗ್ರಾಮಿನ ಒಳಗಿನ ಡಮ್ಮಿ ಡಿಸ್ಕ್ ಇದ್ದರೆ ಒಳ್ಳೆಯದು. ಕೊನೆಗೊಮ್ಮೆ ಎಚ್‌ಡಿಪಾರ್ಮ್, ಸ್ಮಾರ್ಟ್‌ಸಿಟಿಎಲ್ ಮುಂತಾದವನ್ನು ಹಳೆಯ ಕರ್ನಲ್, ಹೊಸ ಕರ್ನಲ್ ಎರಡರಲ್ಲೂ ಓಡಿಸಿ ಉತ್ತರ ಹೋಲಿಸಿ. ಐದು ನಿಮಿಷದ ಕೆಲಸ. 2024ರ ತೊಡಕು ಇಷ್ಟರಲ್ಲೇ ಕಣ್ಣಿಗೆ ಬೀಳುವಂಥದ್ದು.

ಇನ್ನು ‘ಫಿಕ್ಸಸ್’ ಟ್ಯಾಗಿನ ವಿಷಯ. ದೋಷ ತಂದ ಹಳೆಯ ಕಮಿಟ್ಟಿನ (ದಾಖಲಾದ ಬದಲಾವಣೆಯ) ಗುರುತನ್ನು 12 ಅಕ್ಷರದಲ್ಲಿ ಅಲ್ಲಿ ಬರೆಯುವುದು ಪದ್ಧತಿ. ಆ ಟ್ಯಾಗ್ ಇದ್ದರೆ ಪ್ಯಾಚ್ ಸ್ಟೇಬಲ್ ಕರ್ನಲ್‌ಗಳಿಗೆ ಹೋಗುವ ಸಂಭವ ಹೆಚ್ಚು. ಯಾರಿಗಾದರೂ ನಿಜವಾಗಿ ತೊಂದರೆ ಕೊಡುತ್ತಿರುವ ದೋಷಕ್ಕೆ ಅದು ಸರಿ. ಯಾರೂ ದೂರು ಕೊಡದ, ದಸ್ತಾವೇಜಿನಲ್ಲಿ ಮಾತ್ರ ಕಾಣುವ, ಅದರಲ್ಲೂ ಹೊರಗೆ ಕಾಣುವ ನಡವಳಿಕೆ ಬದಲಿಸುವ ತಿದ್ದುಪಡಿಯನ್ನು ಒಂದೆರಡು ಬಿಡುಗಡೆಯವರೆಗೆ ಮುಖ್ಯ ಶಾಖೆಯಲ್ಲೇ ಇಟ್ಟು ಹದ ನೋಡುವುದು ಲೇಸು.

ಪ್ರೋಗ್ರಾಂ ಬರೆಯುವವರ ಕಡೆಯ ಕೆಲಸ ಇನ್ನೂ ಚಿಕ್ಕದು. ಬೈಟ್ 0ಯನ್ನು 7ಎಫ್ ಜೊತೆ ಆಂಡ್ ಮಾಡಿ ನಮೂನೆ ತಿಳಿಯಿರಿ. 72 ಅಥವಾ 73 ಆದರೆ ಬೈಟ್ 8ರಿಂದ ಶುರುಮಾಡಿ, ಪ್ರತಿ ತುಂಡಿನ ಉದ್ದಕ್ಕೆ 2 ಕೂಡಿಸಿ ಮುಂದಕ್ಕೆ ಹೆಜ್ಜೆ ಹಾಕುತ್ತ 09 ಬಗೆಯದನ್ನು ಹುಡುಕಿ. ಅದು ಮೊದಲನೆಯದೇ ಆಗಿರಬೇಕೆಂಬ ನಿಯಮವಿಲ್ಲ. 70 ಅಥವಾ 71 ಆದರೆ ವ್ಯಾಲಿಡ್ ಬಿಟ್ ನೋಡಿ, ಕೌಂಟ್ ಬೈಟ್ 6ರಿಂದ, ಎಲ್‌ಬಿಎ ಬೈಟ್ 9ರಿಂದ 11ರವರೆಗೆ. ಎರಡರಲ್ಲೂ, ತನ್ನ ಮುಂದೆ ಇಷ್ಟಿದೆ ಎಂದು ಬೈಟ್ 7 ಹೇಳುವ ಉದ್ದ ದಾಟಿ ಓದಬೇಡಿ. ಪ್ಯಾಚ್ ವಾಪಸ್ ಆದಮೇಲೂ ಸೋತ ಕಮಾಂಡಿಗೆ ಫಿಕ್ಸೆಡ್, ಗೆದ್ದದ್ದಕ್ಕೆ ಡಿಸ್ಕ್ರಿಪ್ಟರ್ ಎಂಬ ಸ್ಥಿತಿ ಮುಂದುವರಿದಿರುವುದರಿಂದ, ಎರಡೂ ಕವಲು ನಿಮ್ಮ ಕೋಡಿನಲ್ಲಿ ಇರಲೇಬೇಕು.